ಊರ ಕೆರೆಗೆ ಹಕ್ಕಿ ಮರಳಬೇಕೇ? ಮೊದಲು ನೋಟ್‌ಬುಕ್ಕು, ಆಮೇಲೆ ಗುದ್ದಲಿ

ಮೊದಲ ವರ್ಷ ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಜೂನ್ 5, ಪರಿಸರ ದಿನ. ಟ್ರ್ಯಾಕ್ಟರ್ ತುಂಬ ಸಸಿ ಬಂತು. ಬ್ಯಾನರ್ ಕಟ್ಟಿ, ಫೋಟೊ ತೆಗೆಸಿಕೊಂಡು, ಕೆರೆಯಂಗಳದ ಸುತ್ತ ಸಾಲಾಗಿ ನೆಟ್ಟೆವು. ಅರ್ಧ ಸಸಿಗಳನ್ನು ಮೇಕೆಗಳು ತಿಂದವು. ಉಳಿದವಕ್ಕೆ ಮಾರ್ಚ್ ತಿಂಗಳಲ್ಲಿ ನೀರು ಹಾಕಲು ಯಾರೂ ಬರಲಿಲ್ಲ. ಇದು ಎಲ್ಲ ಊರಲ್ಲೂ ಆಗುವುದೇ ಬಿಡಿ. ನೋವಾಗಿದ್ದು ಬೇರೆ ವಿಷಯಕ್ಕೆ. ಗುಂಡಿ ತೋಡಲು ನಾವು ಆರಿಸಿದ ಬೋಳು ಗರಸು ನೆಲದಲ್ಲೇ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುತ್ತಿತ್ತು. ತಲೆಯ ಮೇಲೆ ಸುತ್ತು ಹೊಡೆದು ಅದು ಕೂಗಿಕೊಂಡಿದ್ದು ಏಕೆ ಅಂತ ಅವತ್ತು ನಮಗೆ ತಿಳಿಯಲೇ ಇಲ್ಲ. ಊರ ಕುರಿಗಾಹಿ ಆಮೇಲೆ ಹೇಳಿದ.

ಅದಕ್ಕೇ ಈ ಮಾರ್ಗದರ್ಶಿ ಗಿಡ ನೆಡುವುದರಿಂದ ಶುರುವಾಗುವುದಿಲ್ಲ. ಇಲ್ಲಿ ಹೇಳುವುದೆಲ್ಲ ಬಯಲುಸೀಮೆಯ ಊರ ಕೆರೆ, ಗುಂಡುತೋಪು, ಗೋಮಾಳಗಳಿಗೆ ಹೊಂದುವಂಥದ್ದು. ತುಮಕೂರು, ಮಂಡ್ಯ, ಚಿತ್ರದುರ್ಗ, ಕೋಲಾರದ ಕಡೆಯವರು ಹಾಗೇ ಬಳಸಬಹುದು. ಮಲೆನಾಡು, ಕರಾವಳಿಯವರು ಗಿಡಗಳ ಪಟ್ಟಿ ಬದಲಿಸಿಕೊಳ್ಳಬೇಕು.

ಹೆಜ್ಜೆ 1: ಒಂದು ವರ್ಷ ಬರೀ ನೋಡಿ

ಒಂದು ವರ್ಷವಾ ಅಂತ ಹುಬ್ಬೇರಿಸಬೇಡಿ. ಕೆರೆಯ ಹಕ್ಕಿಗಳು ಋತುವಿಗೊಂದು ಬಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರದಿಂದ ಬಾತುಗಳು, ಕೆಸರಲ್ಲಿ ಕೊಕ್ಕೂರಿ ತಿನ್ನುವ ಉಲ್ಲಂಕಿಗಳು ಬರುತ್ತವೆ. ಬೇಸಿಗೆಯಲ್ಲಿ ನೆಲದ ಮೇಲೆ, ಮಣ್ಣಿನ ದರೆಯಲ್ಲಿ ಗೂಡು ಮಾಡುವವರ ಸರದಿ. ಮಳೆ ಬಿದ್ದ ಮೇಲೆ ಗೀಜಗ, ಬೆಳ್ಳಕ್ಕಿಗಳ ಸಂಸಾರ. ಒಂದೇ ತಿಂಗಳು ನೋಡಿ ಯೋಜನೆ ಹಾಕಿದರೆ ಉಳಿದವರ ಮನೆ ಮುರಿಯುತ್ತೀರಿ.

ಬೇಕಾಗುವುದು ಕಡಿಮೆ. ನಾಲ್ಕೈದು ಜನ ಸೇರಿ ಕೊಂಡ ಒಂದು 8×40 ಅಥವಾ 8×42 ಬೈನಾಕ್ಯುಲರ್ ಸಾಕು. ಒಂದು ನೋಟ್‌ಬುಕ್ಕು. ಫೋನಿನಲ್ಲಿ ಇಬರ್ಡ್ (ಕಂಡ ಹಕ್ಕಿಗಳ ಪಟ್ಟಿ ಹಾಕಲು) ಮತ್ತು ಮರ್ಲಿನ್ ಆ್ಯಪ್. ಎರಡೂ ಉಚಿತ. ಮರ್ಲಿನ್ ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ಅದು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಕಣ್ಣಿಗೆ ಬೀಳದ ಹಕ್ಕಿಯನ್ನು ಬರೀ ಆ್ಯಪ್ ನಂಬಿ ಬರೆದುಕೊಳ್ಳಬೇಡಿ.

ಎಣಿಸುವ ಕ್ರಮ ಹೀಗಿರಲಿ. ಕೆರೆಯ ಒಂದು ಸುತ್ತಿನಲ್ಲಿ ನಾಲ್ಕು ಜಾಗ ಗೊತ್ತು ಮಾಡಿಕೊಳ್ಳಿ: ಏರಿಯ ನಡು, ಕೋಡಿ, ಕಾಲುವೆ ಬಂದು ಸೇರುವ ಬಾಯಿ, ಹಿಂದಿನ ಕೆಸರು ಅಂಗಳ. ತಿಂಗಳಿಗೊಮ್ಮೆ, ಅದೇ ವಾರ, ಬೆಳಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಹೋಗಿ. ಒಂದೊಂದು ಜಾಗದಲ್ಲೂ ಹದಿನೈದು ನಿಮಿಷ ನಿಲ್ಲಿ. ಕಂಡ ಎಲ್ಲ ಜಾತಿಯನ್ನೂ ಬರೆಯಿರಿ, ಕಾಗೆ, ಗೊರವಂಕ ಸೇರಿ. ಅಪರೂಪದ್ದನ್ನು ಮಾತ್ರ ಬರೆಯುವ ಚಟ ಎಲ್ಲ ಹೊಸಬರಿಗೂ ಇರುತ್ತದೆ. ಅದರಿಂದ ಲೆಕ್ಕಕ್ಕೆ ಏನೂ ಪ್ರಯೋಜನವಿಲ್ಲ. 2023ರ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ತೂಗಿ ನೋಡಿ, 178 ಜಾತಿಗಳಿಗೆ ಹೆಚ್ಚಿನ ಕಾಳಜಿ ಬೇಕು ಅಂತ ಹೇಳಿತು. ಆ ವರದಿ ನಿಂತಿರುವುದೇ ನಿಮ್ಮಂಥ ನಮ್ಮಂಥವರು ಇಬರ್ಡ್‌ಗೆ ಹಾಕಿದ ಪಟ್ಟಿಗಳ ಮೇಲೆ. ನಮ್ಮ ರಾಜ್ಯದ ಹಕ್ಕಿ ನೀಲಕಂಠ ಕಡಿಮೆಯಾಗುತ್ತಿದೆ ಅಂತ ಗೊತ್ತಾಗಿದ್ದೂ ಹಾಗೆಯೇ. ‘ಎಲ್ಲೆಲ್ಲೂ ಇರುತ್ತಲ್ಲ’ ಅಂದುಕೊಂಡು ಯಾರೂ ಬರೆಯದೆ ಬಿಟ್ಟಿದ್ದರೆ ಆ ಇಳಿತ ಕಾಣುತ್ತಲೇ ಇರಲಿಲ್ಲ.

ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. ಭಾರತದಲ್ಲಿ ಅದು 1987ರಿಂದ ಇದೆ. ನಿಮ್ಮ ಕೆರೆಯನ್ನೂ ಅದಕ್ಕೆ ಸೇರಿಸಿ. ಮುಂದೆ ಯಾರಾದರೂ ‘ಇಲ್ಲಿ ಹಕ್ಕಿ ಎಲ್ಲಿದೆ?’ ಅಂತ ಕೇಳಿದರೆ ತೋರಿಸಲು ಕಾಗದ ಇರುತ್ತದೆ.

ಹಕ್ಕಿಯ ಜೊತೆಗೆ ಇನ್ನೂ ಮೂರು ವಿಷಯ ಬರೆದುಕೊಳ್ಳಿ: ಯಾವ ಹಕ್ಕಿ ಯಾವ ಮರದಲ್ಲಿ ಕೂರುತ್ತದೆ, ನೀರು ಯಾವ ತಿಂಗಳು ಎಲ್ಲಿಯವರೆಗೆ ಇಳಿಯುತ್ತದೆ, ದನ ಕುರಿ ಯಾವ ದಾರಿಯಲ್ಲಿ ಬರುತ್ತವೆ. ಗಿಡ ಎಲ್ಲಿ ನೆಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇರೆ ಸಿಗುವುದಿಲ್ಲ.

ಹೆಜ್ಜೆ 2: ಜಾಗ ಯಾರದ್ದು ಅಂತ ತಿಳಿದುಕೊಳ್ಳಿ

ಬೇಸರದ ಕೆಲಸ. ಆದರೂ ಬಿಡುವಂತಿಲ್ಲ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಕೆರೆ ಅಂಗಳದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆಸಿ. ಕೆರೆಯೋ, ಗೋಮಾಳವೋ, ಖರಾಬೋ ಗೊತ್ತಾಗುತ್ತದೆ. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು. ಅದಕ್ಕಿಂತ ಚಿಕ್ಕವು ಪಂಚಾಯಿತಿ ಕಡೆಯವು. ಅರ್ಜಿ ಯಾರಿಗೆ ಬರೆಯಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ನನ್ನ ಸಲಹೆ: ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ, ಅದರ ನಕಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಸಮೇತ ಇಟ್ಟುಕೊಳ್ಳಿ. ಜೀವವೈವಿಧ್ಯ ಕಾಯ್ದೆ ಬಂದಿದ್ದು 2002ರಲ್ಲಿ. ಅದರಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಎಷ್ಟೋ ಕಡೆ ಅದು ಕಾಗದದಲ್ಲಿ ಮಲಗಿರುತ್ತದೆ. ಎಬ್ಬಿಸಿ. ನಿಮ್ಮ ಹಕ್ಕಿ ಪಟ್ಟಿಯನ್ನು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲೆಗೆ ಸೇರಿಸಲು ಕೇಳಿ.

ಹೆಜ್ಜೆ 3: ಜನ

ಗುಂಪಿನಲ್ಲಿ ಎಂಟು ಹತ್ತು ಜನ ಸಾಕು, ಆದರೆ ಎಲ್ಲರೂ ಕ್ಯಾಮೆರಾ ಹಿಡಿದವರೇ ಆಗಬಾರದು. ನೀರುಗಂಟಿಯ ಮನೆಯವರು ಇರಲಿ. ತೂಬು ಯಾವಾಗ ಎತ್ತುತ್ತಾರೆ ಅನ್ನುವುದು ಅವರಿಗೇ ಗೊತ್ತು. ಕುರಿಗಾಹಿ ಒಬ್ಬ ಬೇಕೇ ಬೇಕು. ನೆಲದ ಮೇಲಿನ ಗೂಡು ಅವನಷ್ಟು ಚೆನ್ನಾಗಿ ಯಾರೂ ಗುರುತಿಸುವುದಿಲ್ಲ. ಅಷ್ಟೇ ಅಲ್ಲ, ನಿಮ್ಮ ಸಸಿ ಉಳಿಯುವುದೂ ಅವನ ಕೈಯಲ್ಲೇ ಇದೆ. ‘ಇನ್ನು ಇಲ್ಲಿ ಕುರಿ ಬಿಡಬೇಡ’ ಅಂತ ಹೇಳಿದ ದಿನ ಕೆಲಸ ಕೆಟ್ಟಿತು ಅಂತಲೇ ತಿಳಿಯಿರಿ. ‘ಯಾವ ಕಡೆ ಬಿಟ್ಟುಕೊಟ್ಟರೆ ನಿಮಗೆ ತೊಂದರೆ ಇಲ್ಲ?’ ಅಂತ ಕೇಳಿ. ಉತ್ತರ ಸಿಗುತ್ತದೆ.

ಮೀನು ಗುತ್ತಿಗೆದಾರರ ಜೊತೆ ಮಾತು ಇನ್ನೂ ನಾಜೂಕು. ಅವರು ದುಡ್ಡು ಕಟ್ಟಿ ಮರಿ ಬಿಟ್ಟಿರುತ್ತಾರೆ. ನೀರುಕಾಗೆ ಹಿಂಡು ಬಂದರೆ ಅವರ ಹೊಟ್ಟೆ ಉರಿಯುವುದು ಸಹಜ ಅಲ್ವಾ? ಪಟಾಕಿ ಹೊಡೆಯುವುದು ಅದಕ್ಕೇ. ಗೂಡುಮರಗಳ ಹತ್ತಿರ ಪಟಾಕಿ ಬೇಡ, ಬಳಸದ ಹಳೇ ಬಲೆ ನೀರಲ್ಲಿ ಬಿಡುವುದು ಬೇಡ. ಈ ಎರಡಕ್ಕೆ ಒಪ್ಪಿಸಿದರೂ ದೊಡ್ಡ ಗೆಲುವು. ಬಿಟ್ಟುಹೋದ ಬಲೆಗೆ ಸಿಕ್ಕಿ ಗುಳುಮುಳುಕಗಳು ನೀರಿನೊಳಗೇ ಸಾಯುತ್ತವೆ, ಹೊರಗಿನವರಿಗೆ ಕಾಣುವುದೂ ಇಲ್ಲ.

ಜನರೇ ಹಕ್ಕಿ ಕಾಯುವುದು ನಮ್ಮಲ್ಲಿ ಹೊಸದೇನಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಿಲ ಹುಣಸೆ, ಆಲದ ಮೇಲೇ ಗೂಡು ಕಟ್ಟುತ್ತವೆ. ಹುಣಸೆಹಣ್ಣಿನ ಫಸಲು ಹಾಳಾದರೂ ಊರವರು ಓಡಿಸಲಿಲ್ಲ. ಹಿಕ್ಕೆ ಬಿದ್ದ ಮಣ್ಣನ್ನು ಗದ್ದೆಗೆ ಗೊಬ್ಬರ ಮಾಡಿಕೊಂಡರು. ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರವನ್ನೂ ಕೊಡುತ್ತದೆ. ಊರ ಯುವಕರ ‘ಹೆಜ್ಜಾರ್ಲೆ ಬಳಗ’ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟಿತು. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶ ಆಯಿತು. ಕ್ರಮ ಗಮನಿಸಿ: ಮೊದಲು ಜನ, ಆಮೇಲೆ ಸರ್ಕಾರದ ಬೋರ್ಡು.

ಹೆಜ್ಜೆ 4: ಹೂಳೆತ್ತುವವರು ಬರುವ ಮೊದಲೇ ಅಲ್ಲಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ಕೆರೆ ‘ಅಭಿವೃದ್ಧಿ’ ಅಂದರೆ ನಮ್ಮಲ್ಲಿ ಒಂದೇ ಚಿತ್ರ. ಜೆಸಿಬಿ ಬಂದು ಅಂಚಿನವರೆಗೂ ಒಂದೇ ಆಳಕ್ಕೆ ತೋಡುತ್ತದೆ. ಸುತ್ತ ಕಲ್ಲು ಕಟ್ಟಿ, ಮೇಲೆ ಟೈಲ್ಸ್ ಹಾಕಿ, ವಾಕಿಂಗ್ ಪಾತ್ ಮಾಡುತ್ತಾರೆ. ಕೆರೆ ಹೋಗಿ ಬಾಣಲೆ ಆಗುತ್ತದೆ. ನೀರು ತುಂಬಿದರೂ ಹಕ್ಕಿಗೆ ಕಾಲಿಡಲು ಜಾಗವಿಲ್ಲ.

ಕಾರಣ ಸರಳ. ಉಲ್ಲಂಕಿ, ಕೊಕ್ಕರೆ, ಬಕಗಳು ಈಜುವ ಹಕ್ಕಿಗಳಲ್ಲ. ಅವು ನಿಂತು ತಿನ್ನುವವು. ಅವುಗಳ ಕಾಲು ಎಷ್ಟು ಉದ್ದವೋ ಅಷ್ಟೇ ಆಳದ ನೀರು ಅವಕ್ಕೆ ಊಟದ ಮನೆ. ಸಣ್ಣ ಉಲ್ಲಂಕಿಗೆ ಬೆರಳುದ್ದ ನೀರು ಸಾಕು, ದೊಡ್ಡ ಕೊಕ್ಕರೆಗೂ ಒಂದು ಅಡಿಯ ಆಸುಪಾಸು. ತಲೆ ಮುಳುಗಿಸಿ ಮೇಯುವ ಬಾತುಗಳಿಗೂ ಆಳವಿಲ್ಲದ ನೀರೇ ಬೇಕು. ಮುಳುಗು ಹಾಕುವ ಗುಳುಮುಳುಕ, ನೀರುಕಾಗೆಗೆ ಮಾತ್ರ ಆಳ ಬೇಕು.

ಆದ್ದರಿಂದ ಹೂಳೆತ್ತುವ ಅಂದಾಜು ಪಟ್ಟಿ ತಯಾರಾಗುವಾಗಲೇ ಎಂಜಿನಿಯರ್ ಹತ್ತಿರ ಈ ಬೇಡಿಕೆಗಳನ್ನು ಬರಹದಲ್ಲಿ ಕೊಡಿ:

- ಆಳ ತೋಡುವುದು ಏರಿಯ ಕಡೆಯ ನಡುಭಾಗದಲ್ಲಿ ಇರಲಿ. ಏರಿಯ ಬುಡ ಮುಟ್ಟುವುದು ಬೇಡ. ಹಿಂದಿನ ಅಂಗಳ ಇಳಿಜಾರಾಗಿ, ಕೆಸರಾಗಿ ಹಾಗೇ ಉಳಿಯಲಿ.
- ಕಾಲುವೆ ಬಾಯಿಯಲ್ಲಿರುವ ಜೊಂಡು, ಆಪು ಪೂರ್ತಿ ಕೀಳುವುದು ಬೇಡ. ಬರುವ ನೀರನ್ನು ಸೋಸುವುದು ಅದು. ಹುಂಡುಕೋಳಿಗೆ ಮನೆಯೂ ಅದೇ.
- ಒಂದು ಕಡೆಯ ಮಣ್ಣಿನ ದರೆಗೆ ಕಲ್ಲು ಕಟ್ಟದೆ ಬಿಡಲಿ. ಮಿಂಚುಳ್ಳಿ, ಕಳ್ಳಿಪೀರ ಗೂಡು ಕೊರೆಯುವುದು ಅಲ್ಲೇ.
- ತೆಗೆದ ಮಣ್ಣಿನಲ್ಲಿ ನೀರಿನ ನಡುವೆ ಒಂದೆರಡು ದಿಬ್ಬ ಬಿಡಲಿ. ನಾಯಿಗೆ ಈಜಿ ಬರಲು ಕಷ್ಟವಾಗುವಷ್ಟು ದೂರದಲ್ಲಿರಲಿ.

ದಿಬ್ಬದ ಮೇಲೆ ಕರಿಜಾಲಿ ಹಾಕಿ. ಇದಕ್ಕೆ ಸಾಕ್ಷಿ ಬೇಕಾದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿಬನ್ನಿ. ಕೆರೆಯೊಳಗೇ ನೆಟ್ಟ ಕರಿಜಾಲಿ ಮರಗಳು ಈಗ ಸಾವಿರಾರು ನೀರುಹಕ್ಕಿಗಳ ಊರು. ಸುತ್ತ ನೀರು, ಮೈತುಂಬ ಮುಳ್ಳು. ಬೆಕ್ಕು, ನಾಯಿ ಹತ್ತಿರ ಸುಳಿಯುವುದಿಲ್ಲ. 2024ರಲ್ಲಿ ಅದಕ್ಕೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಶಿರಹಟ್ಟಿ ಕಡೆಯ ಮಾಗಡಿ ಕೆರೆ, ಕರಾವಳಿಯ ಅಘನಾಶಿನಿ ಕೂಡ ಅದೇ ವರ್ಷ ಸೇರಿದವು. ಅದಕ್ಕೂ ಮೊದಲು ನಮ್ಮ ರಾಜ್ಯದಿಂದ ಇದ್ದದ್ದು ರಂಗನತಿಟ್ಟು ಒಂದೇ.

ಹೆಜ್ಜೆ 5: ಕಳೆ ತೆಗೆಯುವುದು, ಅದೂ ನಿಧಾನವಾಗಿ

ಸ್ವಯಂಸೇವಕರಿಗೆ ತುಂಬ ಇಷ್ಟವಾಗುವ ಕೆಲಸ ಇದು. ಒಂದೇ ಭಾನುವಾರದಲ್ಲಿ ಇಡೀ ಜಾಗ ಬೋಳಿಸಿ ‘ಮೊದಲು – ಆಮೇಲೆ’ ಫೋಟೊ ಹಾಕಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಲಂಟಾನದ ಪೊದೆ ಹೊರಗಿನದು ನಿಜ, ಆದರೆ ಅದರೊಳಗೆ ಪಿಕಳಾರ, ಹರಟೆಮಲ್ಲಗಳು ಗೂಡು ಕಟ್ಟಿರುತ್ತವೆ. ಬೇರೆ ಪೊದೆ ಉಳಿದಿಲ್ಲವಾದ್ದರಿಂದ ಅವು ಅಲ್ಲಿಗೆ ಬಂದಿವೆ. ಹೊಸ ಮನೆ ಕಟ್ಟದೆ ಹಳೇ ಮನೆ ಕೆಡವಬಾರದು.

ಜಾಗವನ್ನು ಪಟ್ಟೆಗಳಾಗಿ ಭಾಗ ಮಾಡಿ. ವರ್ಷಕ್ಕೆ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ. ಬಯಲುಸೀಮೆಯಲ್ಲಿ ಇದಕ್ಕೆ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಮಳೆಗಾಲದ ಗೂಡುಗಳು ಮುಗಿದಿರುತ್ತವೆ, ಹಿಂಗಾರಿಗೆ ನೆಲ ಮೆತ್ತಗಾಗಿ ಬೇರು ಸುಲಭವಾಗಿ ಬರುತ್ತದೆ. ಆದರೂ ಕತ್ತಿ ಬೀಸುವ ಮುನ್ನ ಒಂದೊಂದು ಪೊದೆಯನ್ನೂ ಸರಿಸಿ ನೋಡಿ.

ಲಂಟಾನವನ್ನು ಬರೀ ಕತ್ತರಿಸಿದರೆ ಒಂದಕ್ಕೆ ಹತ್ತು ಚಿಗುರುತ್ತದೆ. ಸುಟ್ಟರೂ ಅಷ್ಟೆ. ದೆಹಲಿಯ ಪ್ರೊ. ಸಿ.ಆರ್. ಬಾಬು ಅವರ ತಂಡ ತೋರಿಸಿಕೊಟ್ಟ ವಿಧಾನ ಅಗ್ಗದ್ದು, ಕೈಗೆಟುಕುವಂಥದ್ದು. ಬುಡದ ಮಣ್ಣು ಕೆದರಿ, ನೆಲಮಟ್ಟದಿಂದ ಎರಡು ಮೂರು ಬೆರಳು ಕೆಳಗೆ ಮುಖ್ಯ ಬೇರನ್ನು ಕತ್ತರಿಸಬೇಕು. ಚಿಗುರುವ ಭಾಗ ಅದರ ಮೇಲೇ ಇರುವುದು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿಡಿ. ಬೇರು ಬಿಸಿಲಿಗೆ ಒಣಗಿಹೋಗುತ್ತದೆ, ಮತ್ತೆ ನೆಲ ಹಿಡಿಯುವುದಿಲ್ಲ. ಮುಂದಿನ ಎರಡು ಮೂರು ವರ್ಷ ಮಳೆ ಬಂದ ಮೇಲೆ ಎಳೆ ಸಸಿ ಕೀಳುತ್ತಿರಬೇಕು. ಎಲ್ಲಿ ಹುಡುಕಬೇಕು ಗೊತ್ತಾ? ಹಕ್ಕಿ ಕೂರುವ ಮರ, ತಂತಿ, ಬೇಲಿ ಕಂಬಗಳ ಕೆಳಗೆ. ಲಂಟಾನದ ಹಣ್ಣು ತಿಂದು ಬೀಜ ಬೀಳಿಸುವವರು ನಮ್ಮ ಪಿಕಳಾರಗಳೇ.

ಬಳ್ಳಾರಿ ಜಾಲಿ ತೆಗೆಯುವಾಗ ಕರಿಜಾಲಿಯನ್ನು ಕಡಿದುಬಿಡಬೇಡಿ. ನಗರದಿಂದ ಬಂದವರು ಇಲ್ಲಿ ಎಡವುತ್ತಾರೆ. ಕರಿಜಾಲಿಯ ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಹಾಗೆ ನಡುನಡುವೆ ಸೊರಗಿರುತ್ತದೆ. ಬಳ್ಳಾರಿ ಜಾಲಿಯ ಹೂ ಉದ್ದನೆಯ ತೆನೆ, ಕಾಯಿ ಬಾಗಿದ ಹುರುಳಿಕಾಯಿಯಂತೆ ಸಮನಾಗಿರುತ್ತದೆ. ಬಳ್ಳಾರಿ ಜಾಲಿಯ ಬುಡ ಅಗೆದು ಬೇರಿನ ಗಂಟು ತೆಗೆಯದಿದ್ದರೆ ಅದೂ ಚಿಗುರುತ್ತದೆ. ಅದರ ಮೇಲೆ ಬೆಳ್ಳಕ್ಕಿ ಗೂಡುಗಳಿದ್ದರೆ ಮಾತ್ರ ಕೈ ಹಾಕಬೇಡಿ. ಪಕ್ಕದಲ್ಲಿ ಕರಿಜಾಲಿ ಬೆಳೆಸಿ, ಹಕ್ಕಿ ಅಲ್ಲಿಗೆ ಹೋದ ಮೇಲೆ ನೋಡೋಣ.

ನೀರಿನ ಮೇಲಿನ ಊದಾ ಹೂವಿನ ಅಂತರಗಂಗೆಯನ್ನು ಹೂ ಬಿಡುವ ಮೊದಲು ಎಳೆದು ತೆಗೆಯಿರಿ. ದಡದಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಮತ್ತೆ ಕೆರೆಗೇ ಜಾರುತ್ತದೆ. ದೂರ ಸಾಗಿಸಿ ಗೊಬ್ಬರಕ್ಕೆ ಹಾಕಿ. ಚರಂಡಿ ನೀರು ಕೆರೆಗೆ ಬರುತ್ತಿರುವಷ್ಟು ದಿನ ಇದು ಮುಗಿಯದ ಕೆಲಸ. ಎಳೆದು ಎಳೆದು ಸುಸ್ತಾಗುವ ಬದಲು ಒಂದು ತಿಂಗಳು ಆ ಚರಂಡಿಯ ಹಿಂದೆ ಬೀಳುವುದು ಮೇಲು.

ಹೆಜ್ಜೆ 6: ಏನು ನೆಡಬೇಕು, ಎಲ್ಲಿ ನೆಡಬಾರದು

ಮೊದಲು ‘ಬಾರದು’. ಕೆರೆ ಏರಿಯ ಮೇಲೆ ಮರ ನೆಡಬಾರದು. ದೊಡ್ಡ ಬೇರು ಮುಂದೆ ಸತ್ತು ಕೊಳೆತರೆ ಆ ಟೊಳ್ಳಿನಲ್ಲಿ ನೀರು ಜಿನುಗಿ ಏರಿಗೇ ಅಪಾಯ. ಅಲ್ಲಿ ಗರಿಕೆ ಇದ್ದರೆ ಸಾಕು. ಕೆಸರು ಅಂಗಳದಲ್ಲೂ ಬೇಡ. ಬಯಲು ಹುಲ್ಲುಗಾವಲಿನಲ್ಲಂತೂ ಖಂಡಿತ ಬೇಡ. ಹುಲ್ಲುಗಾವಲು ‘ಖಾಲಿ ಜಾಗ’ ಅಲ್ಲ. ನೆಲಗುಬ್ಬಿ, ಗೌಜಲ ಹಕ್ಕಿಗಳ ಮನೆ ಅದು. ರಾಣೆಬೆನ್ನೂರಿನ ಕುರುಚಲು ಬಯಲನ್ನು 1974ರಲ್ಲಿ ಕೃಷ್ಣಮೃಗದ ಅಭಯಾರಣ್ಯ ಮಾಡಿದರು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಅಲ್ಲಿತ್ತು. ಅದೇ ಬಯಲಿನ ಬಹುಭಾಗ ನೀಲಗಿರಿ ತೋಪಾಯಿತು. ನೂರಾರು ಅಡಿ ದೂರದವರೆಗೆ ತೆರೆದ ನೋಟ ಬೇಕಾದ ಹಕ್ಕಿಗೆ ನೀಲಗಿರಿ ಸಾಲಿನ ನಡುವೆ ಏನು ಕೆಲಸ? ಅಲ್ಲಿ ಅದು ಈಗ ಕಾಣುವುದಿಲ್ಲ. ಬೆಂಗಳೂರಿನ ಪಕ್ಕದ ಹೆಸರಘಟ್ಟ ಹುಲ್ಲುಗಾವಲಿಗೆ ಪಕ್ಷಿಪ್ರಿಯರು ವರ್ಷಗಟ್ಟಲೆ ಹೋರಾಡಿದ್ದೂ ಇದೇ ಕಾರಣಕ್ಕೆ.

ನೆಡಲು ಒಳ್ಳೆಯ ಜಾಗ ಯಾವುದು ಅಂದರೆ ಹಳೇ ಗುಂಡುತೋಪು, ಕೆರೆ ಹಿಂದಿನ ಗಡಿ, ಹೊಲದ ಬದು, ಶಾಲೆ ಮತ್ತು ಗುಡಿಯ ಆವರಣ.

ಮೊದಲ ಆದ್ಯತೆ ಆಲ, ಗೋಣಿ, ಅತ್ತಿ, ಬಸರಿ, ಅರಳಿಗೆ. ಈ ಜಾತಿಯ ಒಂದೊಂದು ಮರ ಒಂದೊಂದು ಹೊತ್ತಿನಲ್ಲಿ ಹಣ್ಣು ಬಿಡುತ್ತದೆ. ಬೇರೆ ಮರಗಳಲ್ಲಿ ಏನೂ ಇಲ್ಲದಾಗ ಕುಟ್ರುಹಕ್ಕಿ, ಕೋಗಿಲೆ, ಗೊರವಂಕ, ಮಂಗಟ್ಟೆಗಳನ್ನು ಸಾಕುವುದು ಇವೇ. ಹತ್ತು ಜಾತಿಯ ನೂರು ಸಸಿಗಿಂತ ಐದು ಆಲ, ಐದು ಗೋಣಿ ಉಳಿದರೆ ಹೆಚ್ಚು ಅನ್ನುವವನು ನಾನು. ನಡುವೆ ಮೂವತ್ತು ಅಡಿಯಾದರೂ ಅಂತರ ಇರಲಿ.

ಎರಡನೆಯದು ಹೂವಿನ ಮರಗಳು: ಮುತ್ತುಗ, ಬೂರುಗ, ಹಾಲುವಾಣ. ಫೆಬ್ರವರಿ ಹೊತ್ತಿಗೆ ಎಲೆಯೆಲ್ಲ ಉದುರಿ ಕೆಂಪಗೆ ನಿಂತಾಗ ಸೂರಕ್ಕಿ, ಕಾಜಾಣ, ಗೊರವಂಕಗಳ ಸಂತೆ ಅಲ್ಲಿರುತ್ತದೆ. ನೀರಿನ ಅಂಚಿಗೆ ಹೊಳೆಮತ್ತಿ, ಹೊಂಗೆ, ನೇರಳೆ. ಒಣ ಜಾಗಕ್ಕೆ ಬೇವು, ಹುಣಸೆ.

ಎಲ್ಲರೂ ಮರೆಯುವುದು ಪೊದೆಗಳನ್ನು. ಎಲಚಿ, ಕವಳಿ, ಲಕ್ಕಿ, ತಂಗಡಿ, ಬಂದುರಿ. ಲಂಟಾನ ತೆಗೆದ ಪಟ್ಟೆಯಲ್ಲಿ ಇವನ್ನೇ ಒತ್ತಾಗಿ ಹಾಕಿ. ಇವುಗಳ ಹಣ್ಣು, ಮುಳ್ಳು, ನೆರಳು ಮೂರೂ ಸಣ್ಣ ಹಕ್ಕಿಗೆ ಬೇಕು. ನರ್ಸರಿಯಲ್ಲಿ ಇವು ಸಿಗುವುದು ಕಡಿಮೆ. ಬೀಜ ನೀವೇ ಕೂಡಿಸಿ, ಸ್ತ್ರೀಶಕ್ತಿ ಸಂಘದವರ ಜೊತೆ ಸೇರಿ ಊರಲ್ಲೇ ಸಸಿಮಡಿ ಮಾಡಿ. ಬೀಜದುಂಡೆ ಎರಚುವುದು ಮಕ್ಕಳಿಗೆ ಖುಷಿ, ಅಷ್ಟೇ. ಗಟ್ಟಿ ನೆಲದ ಮೇಲೆ ಬಿದ್ದ ಉಂಡೆಯಲ್ಲಿ ಮೊಳೆತದ್ದೂ ಮೊದಲ ಬೇಸಿಗೆ ದಾಟುವುದನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಮಾತು. ಒಣಗಿದ ಮರ ಕಡಿಯಬೇಡಿ. ತಲೆ ಮುರಿದ ತೆಂಗಿನ ಮೋಟು, ಒಣಗಿದ ಈಚಲು ನಮಗೆ ಅಸಹ್ಯ, ನೀಲಕಂಠ, ಗಿಳಿ, ಹಾಲಕ್ಕಿಗೆ ಬಾಡಿಗೆ ಇಲ್ಲದ ಮನೆ. ಜನರ ತಲೆಯ ಮೇಲೆ ಬೀಳುವ ಹಾಗಿದ್ದರೆ ಸರಿ, ಕಡಿಯಿರಿ. ಇಲ್ಲವಾದರೆ ಇರಲಿ ಬಿಡಿ.

ಹೆಜ್ಜೆ 7: ನೆಡುವುದು ಹೇಗೆ

ಗುಂಡಿಯನ್ನು ಏಪ್ರಿಲ್–ಮೇಯಲ್ಲೇ ತೋಡಿ, ಎರಡು ಅಡಿ ಉದ್ದ, ಅಗಲ, ಆಳ. (ಟಿಟ್ಟಿಭ ಇದೆಯಾ ನೋಡಿಕೊಂಡು!) ಮಣ್ಣು ಬಿಸಿಲು ಕಾಯಲಿ. ಎರಡು ಮೂರು ಹದ ಮಳೆ ಆದ ಮೇಲೆ, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಜೂನ್ 5ಕ್ಕೆ ಮಳೆ ಆಗಿಲ್ಲವೆಂದರೆ ಭಾಷಣ ಮಾತ್ರ ಮಾಡಿ, ಸಸಿ ಇಡಬೇಡಿ. ಪ್ಲಾಸ್ಟಿಕ್ ಚೀಲ ಪೂರ್ತಿ ಬಿಡಿಸಿ. ಇದನ್ನೂ ಹೇಳಬೇಕಾ ಅಂದುಕೊಳ್ಳಬೇಡಿ, ಸತ್ತ ಸಸಿ ಕಿತ್ತು ನೋಡಿದಾಗ ಎಷ್ಟೋ ಸಲ ಬೇರು ಚೀಲದಲ್ಲೇ ಸುತ್ತಿಕೊಂಡಿರುತ್ತದೆ.

ಆಲ, ಗೋಣಿ, ಬಸರಿಗೆ ಸಸಿಯೇ ಬೇಕೆಂದಿಲ್ಲ. ಮಣಿಕಟ್ಟು ದಪ್ಪದ, ಆಳೆತ್ತರದ ಕೊಂಬೆ ಕಡಿದು ಮಳೆಗಾಲದ ಶುರುವಿನಲ್ಲಿ ಎರಡು ಅಡಿ ಆಳಕ್ಕೆ ಹೂತು, ತುದಿಗೆ ಸಗಣಿ ಮೆತ್ತಿದರೆ ಚಿಗುರುತ್ತದೆ. ಮೇಕೆಯ ಬಾಯಿಗೂ ಎಟುಕುವುದಿಲ್ಲ. ಹಳೇ ಸಾಲುಮರಗಳು ಎಷ್ಟೋ ಬೆಳೆದದ್ದು ಹೀಗೆಯೇ.

ಕಾವಲಿಗೆ ಕಬ್ಬಿಣದ ಗಾರ್ಡ್‌ಗಿಂತ ಮುಳ್ಳುಕಂಪೆ ಒಳ್ಳೆಯದು. ಖರ್ಚಿಲ್ಲ, ಕದಿಯುವವರಿಲ್ಲ. ಕಡಿದ ಬಳ್ಳಾರಿ ಜಾಲಿಯ ಕಂಪೆ ಇದಕ್ಕೇ ಬಳಸಿ, ಕಾಯಿ ಉದುರಿಸಿ ಮಾತ್ರ. ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಮಾಡಿದ್ದೂ ಇಷ್ಟೇ: ಮಳೆಗಾಲಕ್ಕೆ ಆಲದ ಸಸಿ ನೆಟ್ಟರು, ಮುಳ್ಳು ಕಟ್ಟಿದರು, ಬೇಸಿಗೆಯಲ್ಲಿ ಕಿಲೋಮೀಟರ್‌ಗಟ್ಟಲೆ ಬಿಂದಿಗೆ ಹೊತ್ತು ನೀರು ಹಾಕಿದರು. ಆ ಬಿಂದಿಗೆ ನೀರನ್ನು ಬಿಟ್ಟು ಬೇರೆ ಗುಟ್ಟಿಲ್ಲ.

ನಿಮಗೆ ಬಿಂದಿಗೆ ಹೊರಲು ಆಗದಿದ್ದರೆ ಸಸಿಯ ಪಕ್ಕ ತಳದಲ್ಲಿ ಸಣ್ಣ ತೂತಿರುವ ಮಣ್ಣಿನ ಮಡಕೆ ಹೂಳಿ, ತೂತಿಗೆ ಬಟ್ಟೆಯ ಬತ್ತಿ ಇಟ್ಟು, ಮೇಲೆ ಮುಚ್ಚಳ ಹಾಕಿ. ವಾರಕ್ಕೊಮ್ಮೆ ತುಂಬಿಸಿದರೆ ಸಾಕು. ಬುಡಕ್ಕೆ ತರಗೆಲೆ ಹೊದಿಸಿ. ಎಷ್ಟು ಸಸಿ ನೆಡಬೇಕು ಅನ್ನುವುದನ್ನು ಜೂನ್‌ನಲ್ಲಿ ಬರುವ ಜನರ ಲೆಕ್ಕದಲ್ಲಿ ತೀರ್ಮಾನಿಸಬೇಡಿ. ಏಪ್ರಿಲ್ ಬಿಸಿಲಲ್ಲಿ ನೀರು ಹಾಕಲು ಎಷ್ಟು ಜನ ಬರುತ್ತಾರೆ ಅಂತ ಎಣಿಸಿ. ಒಬ್ಬರಿಗೆ ಐದು ಸಸಿ. ಅದಕ್ಕಿಂತ ಜಾಸ್ತಿ ಬೇಡ.

ಹೆಜ್ಜೆ 8: ಗೂಡಿನ ಕಾಲದ ಶಿಸ್ತು

ಬೋರ್ಡಿಗಿಂತ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿಂಗಳಿಗೊಮ್ಮೆ ನೆನಪಿಸುವುದು ಕೆಲಸ ಮಾಡುತ್ತದೆ. ಸಣ್ಣ ಕಳ್ಳಿಪೀರ ಫೆಬ್ರವರಿಯಿಂದ ದರೆಯಲ್ಲಿ ಬಿಲ ಕೊರೆಯುತ್ತದೆ, ಆಗ ಅಲ್ಲಿ ಮಣ್ಣು ತೆಗೆಯುವಂತಿಲ್ಲ. ಟಿಟ್ಟಿಭ ಮಾರ್ಚ್‌ನಿಂದ ಮಳೆಗಾಲದವರೆಗೆ ಬರಿನೆಲದಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಗೂಡಿನ ಹತ್ತಿರ ನಾಲ್ಕು ಕಲ್ಲು ಸುತ್ತಿಟ್ಟು ಸುಣ್ಣ ಬಳಿದರೆ ಟ್ರ್ಯಾಕ್ಟರಿನವರಿಗೆ ಕಾಣುತ್ತದೆ ಅಂತ ನಾವೂ ಮಾಡಿದೆವು. ನಾಯಿಗೂ, ಕಾಗೆಗೂ ಕಂಡಿತು. ಈಗ ದೂರದಲ್ಲಿ ಒಂದು ಕೋಲು ನೆಟ್ಟು, ಟ್ರ್ಯಾಕ್ಟರಿನವರಿಗೆ ಬಾಯಲ್ಲೇ ಹೇಳುತ್ತೇವೆ. ಒಣಹುಲ್ಲಿಗೆ ಬೆಂಕಿ ಇಡುವುದು ಬೇಸಿಗೆಯ ಪಿಡುಗು. ಅಂಗಳದ ಅಂಚಿನಲ್ಲಿ ಹತ್ತು ಅಡಿ ಅಗಲ ಹುಲ್ಲು ಸವರಿ ಬೆಂಕಿ ರೇಖೆ ಮಾಡಿ, ಸವರಿದ್ದನ್ನು ದನ ಇರುವವರಿಗೆ ಕೊಡಿ.

ಫೋಟೊ ತೆಗೆಯುವವರಿಗೆ ಎರಡು ನಿಯಮ ಸಾಕು. ಗೂಡಿನ ಹತ್ತಿರ ಹೋಗಬಾರದು, ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬಾರದು. ಗೂಡಿನ ಜಾಗ ಎಲ್ಲಿ ಅಂತ ಇಂಟರ್ನೆಟ್ಟಿನಲ್ಲಿ ಹಾಕುವುದಂತೂ ಬೇಡ.

ಮರಿ ಕೆಳಗೆ ಬಿದ್ದರೆ? ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ನಾಯಿ ಬೆಕ್ಕು ದೂರ ಇಡಿ, ಸುಮ್ನೆ ಬಿಟ್ಟುಬಿಡಿ, ತಾಯಿ ಬರುತ್ತದೆ. ಬರಿಮೈ ಮರಿಯಾದರೆ ಗೂಡಿಗೇ ವಾಪಸ್ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗಾಯವಾಗಿದ್ದರೆ ತೂತಿರುವ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿ ಸಾಕಿಕೊಳ್ಳಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ಮನೆಯಲ್ಲೇ ಇರುವವರಿಗೆ

ಕೆರೆಯವರೆಗೆ ಬರಲಾಗದ ಅಜ್ಜ ಅಜ್ಜಿಯರಿಗೂ ಕೆಲಸವಿದೆ. ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರು, ದಿನಾ ತೊಳೆದು ಬದಲಿಸಬೇಕು. ಗುಬ್ಬಚ್ಚಿಗೆ ಒಂದೂಕಾಲು ಇಂಚು ತೂತಿನ ಮರದ ಡಬ್ಬ, ಸೂರಿನ ಕೆಳಗೆ, ಬೆಕ್ಕು ಹಾರಲಾಗದ ಎತ್ತರದಲ್ಲಿ. ಮರಿಗೆ ಬೇಕಾದದ್ದು ಹುಳ, ಅಕ್ಕಿಯಲ್ಲ. ಅಂಗಳದ ಮೂಲೆಯಲ್ಲಿ ಒಂದಿಷ್ಟು ಗಿಡ ಔಷಧಿ ಹೊಡೆಯದೆ ಬಿಟ್ಟರೆ ಡಬ್ಬಕ್ಕಿಂತ ಹೆಚ್ಚಿನ ಉಪಕಾರ.

ಹೆಜ್ಜೆ 9: ಮೂರನೇ ಬೇಸಿಗೆ

ಮೊದಲ ಬೇಸಿಗೆ ವಾರಕ್ಕೊಮ್ಮೆ, ಎರಡನೆಯದು ಹದಿನೈದು ದಿನಕ್ಕೊಮ್ಮೆ, ಮೂರನೆಯದು ಎಲೆ ಬಾಡಿದಾಗ ಮಾತ್ರ ನೀರು. ಆಮೇಲೆ ನಿಲ್ಲಿಸಿ. ಸತ್ತ ಸಸಿಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವ ಜಾತಿ, ಯಾವ ತಿಂಗಳು, ಮೇಕೆಯೋ ಬೆಂಕಿಯೋ ಬಿಸಿಲೋ. ಮುಂದಿನ ವರ್ಷದ ಪಟ್ಟಿ ಅದರಿಂದಲೇ ಬರುತ್ತದೆ. ತಿಂಗಳ ಎಣಿಕೆ ಮಾತ್ರ ನಿಲ್ಲಿಸಬೇಡಿ. ಮೂರು ವ‍ರ್ಷದ ಆಲ ಇನ್ನೂ ಹಣ್ಣು ಬಿಡುವುದಿಲ್ಲ, ಅದಕ್ಕೆ ಬಹಳ ಕಾಲ ಬೇಕು. ಆದರೆ ಎಲಚಿ, ಕವಳಿ ಪೊದೆಗಳು ಆ ಹೊತ್ತಿಗೆ ಮೊಣಕಾಲು ದಾಟಿರುತ್ತವೆ. ನಮ್ಮಲ್ಲಿ ಲಂಟಾನ ತೆಗೆದ ಮೊದಲ ಪಟ್ಟೆಯಲ್ಲಿ, ಎಲಚಿ ಗಿಡದಲ್ಲಿ ಪಿಕಳಾರದ ಗೂಡು ಕಂಡಿದ್ದು ಅಲ್ಲಿಗೆ ದಿನಾ ಕುರಿ ಹೊಡೆದುಕೊಂಡು ಹೋಗುವ ಅದೇ ಕುರಿಗಾಹಿಗೆ. ಈಗ ಉಳಿದ ಎರಡು ಪಟ್ಟೆಗಳ ಕೆಲಸ ಬಾಕಿ ಇದೆ.